ಉಪ್ಪುನೀರಿನ ಕೆಂಪು ಪಾಚಿ: ನಮಗೆ ಆಗುತ್ತಾ?

ಬೋರಿನ ನೀರು ಸವುಳಾದರೆ ಬೆಳೆ ಕೈಬಿಟ್ಟಂತೆಯೇ. ಆದರೆ ಸಮುದ್ರದ ನೀರಿಗಿಂತ ಆರೇಳು ಪಟ್ಟು ಉಪ್ಪಿರುವ ನೀರಲ್ಲೇ ಬೆಳೆಯುವ ಪೈರೊಂದಿದೆ. ಹೆಸರು ಡುನಾಲಿಯೆಲ್ಲಾ ಸಲೈನಾ. ಕಣ್ಣಿಗೆ ಕಾಣದ ಸಣ್ಣ ಪಾಚಿ ಇದು. ಫ್ರಾನ್ಸಿನ ಉಪ್ಪಿನಾಗರಗಳ ಕೆಂಪು ನೀರಲ್ಲಿ ಇದನ್ನು 1838ರಲ್ಲಿ ಗುರುತಿಸಿದವರು ಡುನಾಲ್. 1905ರಲ್ಲಿ ಅವರ ಹೆಸರನ್ನೇ ಇದಕ್ಕಿಟ್ಟರು.

ಸವುಳು ನೀರು ಕೊಟ್ಟರೆ ಶೇಂಗಾ ಬಾಡುತ್ತೆ. ಬೇರಿಗೆ ನೀರು ಎಳೆದುಕೊಳ್ಳಲು ಉಪ್ಪು ಬಿಡೋದಿಲ್ಲ. ಈ ಪಾಚಿ ತನ್ನೊಳಗೇ ಗ್ಲಿಸರಾಲ್ ತಯಾರಿಸಿ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ.

ಸುಖದಲ್ಲಿದ್ದಾಗ ಇದರ ಬಣ್ಣ ಹಸಿರು. ಬಿಸಿಲು ಉರಿದು, ಉಪ್ಪು ಹೆಚ್ಚಾಗಿ, ಸಾರಜನಕ ಕಡಿಮೆಯಾದರೆ ಕೆಂಪಾಗುತ್ತೆ. ಬಿಸಿಲಿನಿಂದ ಕಾಪಾಡಿಕೊಳ್ಳಲು ಬೀಟಾ ಕೆರೋಟಿನ್ ತುಂಬಿಕೊಳ್ಳುತ್ತೆ. ಒಣಗಿಸಿದ ತೂಕದಲ್ಲಿ ನೂರಕ್ಕೆ ಹತ್ತು ಪಾಲಿನವರೆಗೂ ಸಿಗುವುದುಂಟು. ಕೆರೋಟಿನ್‌ನಿಂದ ನಮ್ಮ ದೇಹ ಎ ಜೀವಸತ್ವ ಮಾಡಿಕೊಳ್ಳುತ್ತೆ. ತಿಂಡಿ, ಪಾನೀಯಗಳ ಬಣ್ಣಕ್ಕೆ, ಗುಳಿಗೆಗೆ ಇದಕ್ಕೆ ಬೇಡಿಕೆ.

1980ರ ದಶಕದಿಂದ ಇದರ ವ್ಯಾಪಾರಿ ಬೇಸಾಯ ನಡೆದಿದೆ. ಪಶ್ಚಿಮ ಆಸ್ಟ್ರೇಲಿಯಾದ ಹಟ್ ಲಗೂನ್‌ನಲ್ಲಿ ಆಳವಿಲ್ಲದ ದೊಡ್ಡ ದೊಡ್ಡ ಹೊಂಡಗಳು. ನೀರು ಕದಡೋದು ಗಾಳಿಯೇ. ಇಸ್ರೇಲಿನವರು ಸಣ್ಣ ಕಾಲುವೆ ಕಟ್ಟಿ, ಚಕ್ರ ತಿರುಗಿಸಿ, ಗೊಬ್ಬರ ಕೊಟ್ಟು ಬೆಳೆದರು.

ಹಾಗಾದರೆ ನಮ್ಮ ಹೊಲದಲ್ಲಿ? ಲೆಕ್ಕ ನೋಡಿ. ಒಂದು ಲೀಟರ್ ನೀರಲ್ಲಿ ಸಿಗುವ ಒಣ ಪಾಚಿ ಒಂದು ಗ್ರಾಂಗಿಂತ ಕಡಿಮೆ. ಕಿಲೋ ಬೇಕಾದರೆ ಸಾವಿರ ಲೀಟರ್‌ಗೂ ಹೆಚ್ಚು ಸೋಸಬೇಕು. ಗಟ್ಟಿ ಸಿಪ್ಪೆ ಇಲ್ಲದ್ದರಿಂದ ಬೇಗ ಒಡೆಯುತ್ತೆ. ಬೆಳಕು, ಗಾಳಿ ತಾಗಿದರೆ ಕೆರೋಟಿನ್ ಕೆಡುತ್ತೆ. ಬೆಳೆಯೋ ಖರ್ಚಿಗಿಂತ ಬೇರ್ಪಡಿಸೋ ಯಂತ್ರದ ಖರ್ಚೇ ಭಾರ. 1950ರ ದಶಕದಿಂದ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಮಾಡಿದ ಕೆರೋಟಿನ್ ಪೈಪೋಟಿಯೂ ಇದೆ.

ಈ ಪೈರಿಗೆ ಉಪ್ಪೇ ಬೇಲಿ. ಉಪ್ಪು ತೆಳುವಾದರೆ ಇದನ್ನು ತಿನ್ನೋ ಸೂಕ್ಷ್ಮಜೀವಿಗಳು ನುಗ್ಗುತ್ತವೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನಾಗರವಿದೆ, ಆದರೆ ಮಳೆಗಾಲದ ಸುರಿಮಳೆಗೆ ಆ ಬೇಲಿ ನಿಲ್ಲೋದಿಲ್ಲ. ನಮ್ಮ ಬೋರಿನ ಸವುಳು ನೀರು ಲೀಟರಿಗೆ ಕೆಲವು ಗ್ರಾಂ ಉಪ್ಪಿನದು. ಇದಕ್ಕೆ ಬೇಕಾದ್ದು ನೂರಾರು ಗ್ರಾಂ. ಅಷ್ಟು ಉಪ್ಪನ್ನು ಎರೆಹೊಲಕ್ಕೆ ತಂದು ಹೊಂಡ ಸೋರಿದರೆ ನಮ್ಮದಷ್ಟೇ ಅಲ್ಲ, ಪಕ್ಕದವರ ಬಾವಿಯೂ ಹೋಯ್ತು.

ಸ್ಪಿರುಲಿನಾ ಬೇರೆ. ಅದು ಸೋಡಾ ಬೆರೆಸಿದ ನೀರಲ್ಲಿ ಬರುತ್ತೆ. ಮೈಸೂರಿನ ಸಿಎಫ್‌ಟಿಆರ್‌ಐನವರು ಅದರ ಮೇಲೆ ಕೆಲಸ ಮಾಡಿದ್ದಾರೆ, ಆಸಕ್ತರು ಅಲ್ಲಿ ವಿಚಾರಿಸಬಹುದು.

ಯಾವುದೇ ಪಾಚಿಯ ಹೆಸರಲ್ಲಿ 'ನೀವು ಬೆಳೆಯಿರಿ, ನಾವು ಕೊಳ್ತೇವೆ' ಅಂತ ಯಾರಾದರೂ ಬಂದರೆ ಮುಂಗಡ ಕೊಡೋ ಮೊದಲು ಇಷ್ಟು ಕೇಳಿ: ಸೋಸಿ ಒಣಗಿಸೋ ಯಂತ್ರ ಯಾರದು? ಗುಣಮಟ್ಟ ಪರೀಕ್ಷೆಯ ಖರ್ಚು ಯಾರದು? ಮಾಲು ತಿರಸ್ಕಾರವಾದರೆ ಯಾರಿಗೆ ನಷ್ಟ? ಉಳಿದ ನೀರು ಎಲ್ಲಿಗೆ? ಉತ್ತರ ಕಾಗದದಲ್ಲಿ ಬರೆದು ಕೊಡಲಿ. ಮನೆಮಂದಿಗೆ ಕೆರೋಟಿನ್ ಬೇಕಿದ್ದರೆ ಹಿತ್ತಲಲ್ಲಿ ಎರಡು ನುಗ್ಗೆ ಗಿಡ ಸಾಕು, ಸೊಪ್ಪು ತಿನ್ನಿ.