ಬಿಲ್ಲಿನ ಕೊನೇ ಸಾಲು: ಟಿಪ್ಸ್ ಯಾರಿಗೆ, ಸರ್ವಿಸ್ ಚಾರ್ಜ್ ಯಾರಿಗೆ?

ಬರ್ತ್‌ಡೇ ಇರಲಿ, ಪ್ಲೇಸ್‌ಮೆಂಟ್ ಪಾರ್ಟಿ ಇರಲಿ, ಫೆಸ್ಟ್ ಮುಗಿದ ಮೇಲಿನ ಊಟ ಇರಲಿ, ಬಿಲ್ ಟೇಬಲ್ ಮೇಲೆ ಬಂದ ತಕ್ಷಣ ನಾವು ನೋಡೋದು ಕೊನೆಯ ಅಂಕಿ ಒಂದನ್ನೇ. ಅದನ್ನ ಎಂಟು ಜನಕ್ಕೆ ಭಾಗಿಸಿ, ಯುಪಿಐ ಮಾಡಿ ಎದ್ದು ಬರ್ತೀವಿ. ಆದರೆ ಅದಕ್ಕಿಂತ ಮೇಲಿನ ಎರಡು ಮೂರು ಸಾಲುಗಳಲ್ಲಿ ಒಂದು ದೊಡ್ಡ ಪ್ರಶ್ನೆ ಇದೆ. ನಮಗೆ ಬಡಿಸಿದವರ ಸಂಬಳ ಕೊಡಬೇಕಾದವರು ಯಾರು? ಮಾಲೀಕರಾ, ನಾವಾ? ಈ ಪ್ರಶ್ನೆಗೆ ಸಣ್ಣ ಹೋಟೆಲ್ಲು ಒಂದು ಉತ್ತರ ಕೊಡುತ್ತೆ, ರೈಲು ಇನ್ನೊಂದು, ಸಮುದ್ರದ ಮೇಲಿನ ಕ್ರೂಸ್ ಹಡಗು ಮತ್ತೊಂದು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಿಲ್ ಓದೋದು ಸುಲಭ ಆಗುತ್ತೆ.

ಪ್ಲಾಟ್‌ಫಾರ್ಮ್ ಮೇಲೆ ಮತ್ತು ಬೋಗಿ ಒಳಗೆ

ಚಿಕ್ಕಜಾಜೂರು ಹೊಳಲ್ಕೆರೆ ತಾಲೂಕಿನ ಸಣ್ಣ ಊರು, ಆದರೆ ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಲೈನಿನಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆ ಹೋಗೋ ಲೈನು ಕವಲೊಡೆಯೋದು ಇಲ್ಲೇ. ಸ್ಟೇಷನ್ ಆಚೆಯ ಹೋಟೆಲ್‌ನಲ್ಲಿ ಇಡ್ಲಿ ವಡೆ ತಿಂದು ಕಾಫಿ ಕುಡಿದರೆ ಗೋಡೆ ಮೇಲೆ ಬರೆದಿರೋ ರೇಟೇ ಫೈನಲ್. ಸಪ್ಲೈಯರ್‌ಗೆ ಐದೋ ಹತ್ತೋ ಕೊಟ್ಟರೆ ಅದು ಗಿರಾಕಿಯ ಖುಷಿ, ಕೊಡದಿದ್ದರೆ ಯಾರೂ ಮುಖ ಸಿಂಡರಿಸಲ್ಲ. ಇಲ್ಲಿ ಸಂಬಳದ ಖರ್ಚು ಇಡ್ಲಿ ರೇಟಿನ ಒಳಗೇ ಸೇರಿಕೊಂಡಿದೆ.

ಇದೇ ಹಳಿ ಮೇಲೆ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಓಡುತ್ತೆ. 2023ರ ಜೂನ್ 27ರಂದು ಶುರುವಾದಾಗ ಚಿಕ್ಕಜಾಜೂರಲ್ಲಿ ಅದಕ್ಕೆ ಸ್ಟಾಪ್ ಇರಲಿಲ್ಲ. ಅದರಲ್ಲಿ ಟಿಕೆಟ್ ಬುಕ್ ಮಾಡೋವಾಗಲೇ ಊಟ ಬೇಕಾ ಬೇಡವಾ ಅಂತ ಕೇಳ್ತಾರೆ. ಬೇಕು ಅಂದರೆ ಕೇಟರಿಂಗ್ ಚಾರ್ಜ್ ಟಿಕೆಟ್ ದರಕ್ಕೇ ಸೇರುತ್ತೆ. ಅಂದರೆ ಸೀಟಿಗೆ ತಟ್ಟೆ ಬರೋ ಹೊತ್ತಿಗೆ ದುಡ್ಡು ಕೊಟ್ಟು ಮುಗಿದಿರುತ್ತೆ. ಹಾಗಿದ್ದೂ ಶತಾಬ್ದಿ, ರಾಜಧಾನಿಯಂಥ ರೈಲುಗಳಲ್ಲಿ ಪ್ರಯಾಣದ ಕೊನೆಯಲ್ಲಿ ಸೋಂಪು ಇಟ್ಟ ತಟ್ಟೆ ಹಿಡ್ಕೊಂಡು ಕೇಟರಿಂಗ್ ಹುಡುಗರು ಬರೋದನ್ನ ಹಲವರು ನೋಡಿರ್ತೀರಿ. ತಟ್ಟೆಯಲ್ಲಿ ಸೋಂಪಿನ ಪಕ್ಕ ಒಂದೆರಡು ನೋಟು ಮೊದಲೇ ಇಟ್ಟಿರ್ತಾರೆ. ಕೇಳದೇ ಕೇಳೋ ವಿಧಾನ ಅದು. ಊಟದ ದುಡ್ಡು ಕಂಪನಿಗೆ ಹೋಗಿದೆ, ಊಟ ತಂದುಕೊಟ್ಟವನ ಕೈಗೆ ಅದರಲ್ಲಿ ಎಷ್ಟು ಬಂತು ಅನ್ನೋದು ನಮಗೆ ಕಾಣಲ್ಲ. ಈ ಕಾಣದಿರೋ ಜಾಗದಲ್ಲೇ ಟಿಪ್ಸ್ ಅನ್ನೋ ಪದ್ಧತಿ ಬೆಳೆಯೋದು.

ಹಡಗಿನ ಲೆಕ್ಕ

ಇದೇ ವ್ಯವಸ್ಥೆ ದೊಡ್ಡದಾಗಿ, ಓಪನ್ ಆಗಿ ನಡೆಯೋದು ಕ್ರೂಸ್ ಹಡಗುಗಳಲ್ಲಿ. ಕ್ರೂಸ್ ನಮಗೆ ತೀರಾ ದೂರದ್ದೇನಲ್ಲ. ಸೀಸನ್ನಿನಲ್ಲಿ ವಿದೇಶಿ ಕ್ರೂಸ್ ಹಡಗುಗಳು ನವಮಂಗಳೂರು ಬಂದರಿಗೆ ಬರುತ್ತವೆ. ನಾವು ರೈಲು ಟಿಕೆಟ್ ಬುಕ್ ಮಾಡೋ ಐಆರ್‌ಸಿಟಿಸಿಯೇ 2021ರ ಸೆಪ್ಟೆಂಬರಿನಿಂದ ಕಾರ್ಡೀಲಿಯಾ ಕ್ರೂಸ್ ಪ್ಯಾಕೇಜ್ ಮಾರೋಕೆ ಶುರು ಮಾಡಿತು.

ದೊಡ್ಡ ಕ್ರೂಸ್ ಹಡಗಲ್ಲಿ ಊಟ ಎರಡು ಥರ. ಮೊದಲನೇದು ಮೇನ್ ಡೈನಿಂಗ್ ರೂಮ್ ಮತ್ತು ಬಫೆ. ಇದು ಟಿಕೆಟ್ಟಿನಲ್ಲೇ ಸೇರಿರುತ್ತೆ, ಎಷ್ಟು ಸಲ ಬೇಕಾದರೂ ತಿನ್ನಬಹುದು. ಎರಡನೇದು ಸ್ಪೆಷಾಲಿಟಿ ರೆಸ್ಟೋರೆಂಟ್, ಅಂದರೆ ಸ್ಟೇಕ್ ಹೌಸ್, ಸುಶಿ, ಇಟಾಲಿಯನ್ ಈ ಥರದ್ದು. ಇದಕ್ಕೆ ಬೇರೆ ದುಡ್ಡು. ಕೆಲವು ಕಡೆ ತಲೆಗೆ ಇಷ್ಟು ಅಂತ ಕವರ್ ಚಾರ್ಜ್, ಕೆಲವು ಕಡೆ ತಿಂದ ಐಟಂಗೆ ತಕ್ಕ ರೇಟು.

ಟಿಪ್ಸ್ ಕೂಡ ಎರಡು ಥರ. ಒಂದು ದಿನದ ಗ್ರಾಚ್ಯುಟಿ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಇದು ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ದೊಡ್ಡ ಸೂಟ್ ತಗೊಂಡರೆ ಇನ್ನೂ ಜಾಸ್ತಿ. ರೂಮ್ ಕ್ಲೀನ್ ಮಾಡೋರು, ಮೇನ್ ಡೈನಿಂಗ್ ವೇಟರ್‌ಗಳು, ತೆರೆಮರೆಯಲ್ಲಿ ಕೆಲಸ ಮಾಡೋರು, ಹೀಗೆ ಹಲವರಿಗೆ ಇದು ಹಂಚಿಕೆ ಆಗುತ್ತೆ. ಇನ್ನೊಂದು ಸ್ಪೆಷಾಲಿಟಿ ರೆಸ್ಟೋರೆಂಟ್ ಮತ್ತು ಡ್ರಿಂಕ್ಸ್ ಮೇಲೆ ತಾನಾಗೇ ಬೀಳೋ ಶೇಕಡಾವಾರು ಮೊತ್ತ. ರಾಯಲ್ ಕೆರಿಬಿಯನ್‌ನಲ್ಲಿ ಇದು ಶೇ 18, ನಾರ್ವೀಜಿಯನ್ ಕ್ರೂಸ್ ಲೈನ್‌ನಲ್ಲಿ ಶೇ 20.

ಒಂದು ಉದಾಹರಣೆ ಲೆಕ್ಕ ಹಾಕೋಣ. ಗಂಡ ಹೆಂಡತಿ ಇಬ್ಬರು, ನಾಲ್ಕು ರಾತ್ರಿಯ ಟ್ರಿಪ್, ದಿನಕ್ಕೆ 18 ಡಾಲರ್ ಗ್ರಾಚ್ಯುಟಿ. 18 × 2 × 4 = 144 ಡಾಲರ್. ಒಂದು ರಾತ್ರಿ ತಲೆಗೆ 50 ಡಾಲರಿನ ಸ್ಟೇಕ್ ಹೌಸ್‌ಗೆ ಹೋದರು ಅಂದ್ಕೊಳ್ಳಿ. ಊಟ 100, ಅದರ ಮೇಲೆ ಶೇ 18 ಅಂದರೆ 18. ಬಿಲ್ 118. ಆ ರಾತ್ರಿ ಅವರು ಮೇನ್ ಡೈನಿಂಗ್‌ಗೆ ಕಾಲಿಡದಿದ್ದರೂ ಅವತ್ತಿನ 36 ಡಾಲರ್ ಗ್ರಾಚ್ಯುಟಿ ಕಡಿಮೆ ಆಗಲ್ಲ. ಹಡಗಲ್ಲಿ ನಗದು ನಡೆಯಲ್ಲ, ಎಲ್ಲಾ ರೂಮ್ ಕಾರ್ಡಿಗೇ ಬೀಳುತ್ತೆ. ಸಹಿ ಹಾಕೋ ಸ್ಲಿಪ್ಪಿನಲ್ಲಿ ಶೇ 18 ಸೇರಿದ ಮೇಲೂ ಕೆಳಗೆ ‘ಹೆಚ್ಚುವರಿ ಟಿಪ್’ ಅಂತ ಒಂದು ಖಾಲಿ ಗೆರೆ ಇರೋದುಂಟು. ಓದದೇ ಅಲ್ಲಿ ಬರೆದರೆ ಒಂದೇ ಊಟಕ್ಕೆ ಎರಡು ಸಲ ಟಿಪ್ಸ್ ಕೊಟ್ಟ ಹಾಗೆ.

ಹಡಗಿನವರು ಹೀಗೆ ಯಾಕೆ ಮಾಡ್ತಾರೆ? ಒಂದು ಕಾರಣ ಜಾಹೀರಾತು. ಟಿಕೆಟ್ ರೇಟು ಕಡಿಮೆ ಕಾಣುತ್ತೆ, ಸಂಬಳದ ಒಂದು ಭಾಗ ಆಮೇಲೆ ಬೇರೆ ಸಾಲಿನಲ್ಲಿ ಬರುತ್ತೆ. ಎರಡನೇ ಕಾರಣ ಕಾನೂನು. ಕಂಪನಿಯ ಆಫೀಸು ಅಮೆರಿಕದಲ್ಲಿದ್ದರೂ ಹಡಗು ಬಹಾಮಾಸ್, ಪನಾಮಾ, ಬರ್ಮುಡಾದಂಥ ದೇಶಗಳಲ್ಲಿ ರಿಜಿಸ್ಟರ್ ಆಗಿರುತ್ತೆ. ಹಾಗಾಗಿ ಅಮೆರಿಕದ ಕನಿಷ್ಠ ವೇತನ ಕಾನೂನು ಅಲ್ಲಿನ ವೇಟರ್‌ಗೆ ತಾಗಲ್ಲ. ಕೆಲವು ಕಂಪನಿಗಳಲ್ಲಿ ಮೂಲ ಸಂಬಳ ಕಡಿಮೆ, ಉಳಿದದ್ದು ಗ್ರಾಚ್ಯುಟಿಯಿಂದ ತುಂಬಬೇಕು. ಅದಕ್ಕೇ ಪ್ರಯಾಣಿಕರು ಕೌಂಟರಿಗೆ ಹೋಗಿ ‘ನನ್ನ ದಿನದ ಗ್ರಾಚ್ಯುಟಿ ತೆಗೀರಿ’ ಅಂದಾಗ ಅದು ತಟ್ಟೋದು ನೇರವಾಗಿ ಬಟ್ಟೆ ಮಡಚೋರಿಗೆ, ತಟ್ಟೆ ಎತ್ತೋರಿಗೆ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರಲ್ಲಿ ದಿನದ ಸರ್ವಿಸ್ ಚಾರ್ಜನ್ನೇ ತೆಗೆದು ಟಿಕೆಟ್ ದರದೊಳಗೆ ಸೇರಿಸಿತು. ಚಿಕ್ಕಜಾಜೂರಿನ ಗೋಡೆ ಮೇಲಿನ ರೇಟಿನ ಥರಾನೇ: ಏನು ಬರೆದಿದೆಯೋ ಅಷ್ಟೇ.

ಟಿಪ್ಸ್ ಸಂಬಳವಾದ ಕಥೆ

‘ಟಿಪ್ಸ್’ ಅಂದರೆ ಯಾವುದೋ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಅನ್ನೋ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತೆ. ಅದು ಕಟ್ಟುಕಥೆ. ನಮ್ಮಲ್ಲಿ ಇದಕ್ಕೆ ಮೊದಲಿನಿಂದ ಇರೋ ಮಾತು ಭಕ್ಷೀಸು, ಇನಾಮು. ಮೆಚ್ಚಿ ಕೊಟ್ಟದ್ದು ಅಂತ ಅರ್ಥ. ಕೊಡಲೇಬೇಕು ಅಂತಾದರೆ ಅದು ಇನಾಮಲ್ಲ, ಅದರ ಹೆಸರು ಮಾಮೂಲು!

ಮೆಚ್ಚುಗೆ ಸಂಬಳವಾಗಿ ಬದಲಾದದ್ದಕ್ಕೆ ಒಳ್ಳೆ ಉದಾಹರಣೆಯೂ ರೈಲಿನದ್ದೇ. ಅಮೆರಿಕದಲ್ಲಿ ಗುಲಾಮಗಿರಿ ಕೊನೆಯಾದ ಮೇಲೆ ಪುಲ್‌ಮನ್ ಕಂಪನಿ ತನ್ನ ಸ್ಲೀಪರ್ ಬೋಗಿಗಳಿಗೆ ಕಪ್ಪು ಜನರನ್ನ ಪೋರ್ಟರ್‌ಗಳಾಗಿ ತಗೊಂಡಿತು. ಸಂಬಳ ತುಂಬಾ ಕಡಿಮೆ, ಉಳಿದದ್ದು ಪ್ರಯಾಣಿಕರ ಟಿಪ್ಸ್. ಆ ಪೋರ್ಟರ್‌ಗಳು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ನಾಯಕತ್ವದಲ್ಲಿ ಯೂನಿಯನ್ ಕಟ್ಟಿದರು. ಕಂಪನಿ ಜೊತೆ ಮೊದಲ ಒಪ್ಪಂದ ಆಗೋಕೆ 1937 ಬರಬೇಕಾಯ್ತು. ಇವತ್ತಿಗೂ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಗಂಟೆಗೆ ಕನಿಷ್ಠ ವೇತನ 7.25 ಡಾಲರ್, ಆದರೆ ಟಿಪ್ಸ್ ಸಿಗೋ ಕೆಲಸಕ್ಕೆ ಮಾಲೀಕರು ಕೈಯಿಂದ ಕೊಡಬೇಕಾದ್ದು 2.13 ಡಾಲರ್ ಮಾತ್ರ. ಈ 2.13 ಬದಲಾಗದೇ 1991ರಿಂದ ಹಾಗೇ ಇದೆ. ಟಿಪ್ಸ್ ಹೆಚ್ಚಾದಷ್ಟೂ ಸಂಬಳ ಏರಿಸಬೇಕಾದ ಒತ್ತಡ ಕಡಿಮೆ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಬಿಲ್ಲಿಗೆ ಬರೋಣ

ನಮ್ಮಲ್ಲಿ ಗೊಂದಲ ಇರೋದು ಮೂರು ಹೆಸರುಗಳಲ್ಲಿ. ಸರ್ವಿಸ್ ಟ್ಯಾಕ್ಸ್ ಅಂದರೆ ಸರ್ಕಾರದ ತೆರಿಗೆ, 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಅದು ಹೋಯ್ತು. ಜಿಎಸ್‌ಟಿ ಈಗಿನ ತೆರಿಗೆ, ಸಾಮಾನ್ಯ ರೆಸ್ಟೋರೆಂಟ್‌ಗಳಲ್ಲಿ ಶೇ 5. ಅದನ್ನ ಕೊಡಲೇಬೇಕು. ಸರ್ವಿಸ್ ಚಾರ್ಜ್ ತೆರಿಗೆ ಅಲ್ಲವೇ ಅಲ್ಲ. ಅದು ಹೋಟೆಲಿನವರು ಸೇರಿಸಿದ ಸಾಲು, ಸರ್ಕಾರಕ್ಕೆ ಹೋಗಲ್ಲ.

2,000 ರೂಪಾಯಿ ಊಟಕ್ಕೆ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದರೆ 2,200. ಅದರ ಮೇಲೆ ಶೇ 5 ಜಿಎಸ್‌ಟಿ 110. ಒಟ್ಟು 2,310. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 2,100. ವ್ಯತ್ಯಾಸ 210, ಅದರಲ್ಲಿ 10 ರೂಪಾಯಿ ಟಿಪ್ಸ್ ಮೇಲೆ ಕಟ್ಟಿದ ತೆರಿಗೆ!

ಇದನ್ನ ತಡೆಯೋಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಸಾರಾಂಶ ಇಷ್ಟು:

1. ಸರ್ವಿಸ್ ಚಾರ್ಜನ್ನ ತಾನಾಗೇ ಬಿಲ್ಲಿಗೆ ಸೇರಿಸಬಾರದು.
2. ಬೇರೆ ಹೆಸರಿಟ್ಟೂ ವಸೂಲಿ ಮಾಡಬಾರದು.
3. ಬಲವಂತ ಮಾಡಬಾರದು, ಇದು ಐಚ್ಛಿಕ ಅಂತ ಸ್ಪಷ್ಟವಾಗಿ ಹೇಳಬೇಕು.
4. ಕೊಡಲ್ಲ ಅಂದ ಕಾರಣಕ್ಕೆ ಒಳಗೆ ಬಿಡದೇ ಇರೋದು, ಸರ್ವ್ ಮಾಡದೇ ಇರೋದು ಮಾಡಬಾರದು.
5. ಊಟದ ಬಿಲ್ಲಿಗೆ ಸೇರಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಬಾರದು.

ರೆಸ್ಟೋರೆಂಟ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆಯೂ ಸಿಕ್ಕಿತು. ಕೊನೆಗೆ 2025ರ ಮಾರ್ಚ್ 28ರಂದು ಹೈಕೋರ್ಟ್ ಮಾರ್ಗಸೂಚಿಯನ್ನ ಎತ್ತಿಹಿಡಿದು, ಎರಡು ಸಂಘಗಳಿಗೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು. ಮಾಲೀಕರು ಅದರ ಮೇಲೆ ಮೇಲ್ಮನವಿ ಹಾಕಿದ್ದಾರೆ.

ಮಾಲೀಕರ ವಾದವನ್ನೂ ಕೇಳಬೇಕು. ಕೈಗೆ ಟಿಪ್ಸ್ ಕೊಟ್ಟರೆ ಅದು ಬಡಿಸಿದವರಿಗಷ್ಟೇ ಸಿಗುತ್ತೆ. ಒಳಗೆ ಒಲೆ ಮುಂದೆ ಬೇಯೋರಿಗೆ, ಪಾತ್ರೆ ತೊಳೆಯೋರಿಗೆ ಏನೂ ಇಲ್ಲ. ಸರ್ವಿಸ್ ಚಾರ್ಜ್ ಆದರೆ ಎಲ್ಲರಿಗೂ ಹಂಚಬಹುದು ಅಂತಾರೆ. ಮಾತು ಸರಿಯಾಗೇ ಇದೆ. ಆದರೆ ಹಂಚಿದರು ಅನ್ನೋದಕ್ಕೆ ಗಿರಾಕಿಗೆ ಏನು ಗ್ಯಾರಂಟಿ? ಬ್ರಿಟನ್ ಇದಕ್ಕೆ ಕಾನೂನೇ ಮಾಡಿದೆ. 2024ರ ಅಕ್ಟೋಬರ್ 1ರಿಂದ ಅಲ್ಲಿ ಟಿಪ್ಸ್ ಮತ್ತು ಸರ್ವಿಸ್ ಚಾರ್ಜಿನ ಪೂರ್ತಿ ದುಡ್ಡು ಕೆಲಸಗಾರರಿಗೇ ಹೋಗಬೇಕು, ನ್ಯಾಯವಾಗಿ ಹಂಚಬೇಕು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಅಡುಗೆಯವರಿಗೆ ಜಾಸ್ತಿ ಕೊಡಬೇಕು ಅಂದರೆ ಮಾಲೀಕರ ಮುಂದೆ ಇನ್ನೊಂದು ನೇರ ದಾರಿ ಇದೆ: ದೋಸೆ ರೇಟು ಹತ್ತು ರೂಪಾಯಿ ಏರಿಸಿ ಮೆನುವಿನಲ್ಲಿ ಬರೆಯೋದು. ಅದನ್ನ ಯಾವ ಮಾರ್ಗಸೂಚಿಯೂ ತಡೆಯಲ್ಲ. ತಿನ್ನೋಕೆ ಮುಂಚೆನೇ ಗಿರಾಕಿಗೆ ಗೊತ್ತಾಗುತ್ತೆ.

ಹಾಗಾದರೆ ಟಿಪ್ಸ್ ಯಾರ ದುಡ್ಡು? 2016ರಲ್ಲಿ ಐಟಿಸಿ ಹೋಟೆಲುಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಗಿರಾಕಿ ಕಾರ್ಡಿನಲ್ಲಿ ಟಿಪ್ಸ್ ಕೊಟ್ಟು, ಹೋಟೆಲ್ ಅದನ್ನ ಕೆಲಸಗಾರರಿಗೆ ಹಂಚಿದರೆ ಅದು ಸಂಬಳ ಆಗಲ್ಲ, ಹಾಗಾಗಿ ಹೋಟೆಲ್ ಅದರ ಮೇಲೆ ಸಂಬಳದ ಟಿಡಿಎಸ್ ಹಿಡಿಯಬೇಕಿಲ್ಲ ಅಂತ. ಕೇಸು ತೆರಿಗೆಯದ್ದು, ಆದರೆ ಒಳಗಿನ ತರ್ಕ ಮುಖ್ಯ. ಟಿಪ್ಸ್ ಬರೋದು ಗಿರಾಕಿಯಿಂದ. ಮಾಲೀಕರು ಅದನ್ನ ತಲುಪಿಸೋರು ಮಾತ್ರ.

ಹಡಗಿನ ಕೆಲಸ ಹುಡುಕೋರಿಗೆ ಒಂದು ಮಾತು

ನಮ್ಮ ಜೊತೆ ಪಿಯುಸಿ ಓದಿದ ಕೆಲವರು ಹೋಟೆಲ್ ಮ್ಯಾನೇಜ್‌ಮೆಂಟ್ ಕಡೆ ಹೋಗಿರ್ತಾರೆ. ‘ಕ್ರೂಸ್‌ನಲ್ಲಿ ಕೆಲಸ ಕೊಡಿಸ್ತೀವಿ, ಡಾಲರಲ್ಲಿ ಟಿಪ್ಸ್ ಬರುತ್ತೆ, ಎರಡು ಲಕ್ಷ ಕಟ್ಟು’ ಅನ್ನೋ ಏಜೆಂಟರು ಅವರನ್ನ ಹುಡುಕ್ಕೊಂಡು ಬರೋದುಂಟು. ಅಂಥವರಿಗೆ ಇದನ್ನ ತಿಳಿಸಿ. ಹಡಗಿನ ವೇಟರ್ ಕೂಡ ಕಾನೂನಿನ ಕಣ್ಣಲ್ಲಿ ನಾವಿಕನೇ. 2006ರ ಅಂತರರಾಷ್ಟ್ರೀಯ ಸಮುದ್ರ ಕಾರ್ಮಿಕ ಒಪ್ಪಂದ ಅವರಿಗೂ ಅನ್ವಯಿಸುತ್ತೆ, ಭಾರತ ಅದನ್ನ 2015ರಲ್ಲಿ ಒಪ್ಪಿಕೊಂಡಿದೆ. ಕೆಲಸ ಕೊಡಿಸೋದಕ್ಕೆ ಅಂತ ಅಭ್ಯರ್ಥಿಯಿಂದ ದುಡ್ಡು ತಗೊಳ್ಳೋ ಹಾಗಿಲ್ಲ. ಏಜೆಂಟರಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಲೈಸೆನ್ಸ್ ಇರಬೇಕು, ಅದರ ಪಟ್ಟಿ ಎಲ್ಲರಿಗೂ ನೋಡೋಕೆ ಸಿಗುತ್ತೆ. ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕೋಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಟಿಪ್ಸ್ ಒಂದು ರೂಪಾಯಿಯೂ ಬರದಿದ್ದರೆ ತಿಂಗಳಿಗೆ ನನಗೆ ಗ್ಯಾರಂಟಿ ಎಷ್ಟು?

ಮುಂದಿನ ಸಲ ಬಿಲ್ ಬಂದಾಗ

ಮೊದಲು ಸಾಲುಸಾಲಾಗಿ ಓದಿ. ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಮ್ಯಾನೇಜರ್‌ಗೆ ಹೇಳಿ, ‘ಸರ್, ಇದನ್ನ ತೆಗೆದು ಬಿಲ್ ಕೊಡಿ’ ಅಂತ. ವೇಟರ್ ಮೇಲೆ ರೇಗಬೇಡಿ, ಆ ಸಾಲು ಸೇರಿಸಿದ್ದು ಅವರಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಆದರೆ ಒಂದು ವಿಷಯ. ಸರ್ವಿಸ್ ಚಾರ್ಜ್ ತೆಗೆಸಿ 210 ರೂಪಾಯಿ ಉಳಿಸಿ, ‘ನನ್ನ ಹಕ್ಕು’ ಅಂತ ಎದೆ ಉಬ್ಬಿಸಿ ಹೊರಗೆ ಬಂದರೆ ನಾವು ಗೆದ್ದದ್ದು ಅರ್ಧ ಮಾತ್ರ. ಎಂಟು ಜನರ ಗಲಾಟೆ ತಡ್ಕೊಂಡು, ಚೆಲ್ಲಿದ ಸಾಂಬಾರ್ ಒರೆಸಿ, ಮೂರು ಸಲ ನೀರು ತಂದುಕೊಟ್ಟವರು ಅಲ್ಲೇ ನಿಂತಿರ್ತಾರೆ. ಕೆಲಸ ಮೆಚ್ಚುಗೆ ಆಗಿದ್ದರೆ ಆ ದುಡ್ಡಿನಲ್ಲಿ ಒಂದಿಷ್ಟನ್ನ ಅವರ ಕೈಗೇ ಕೊಡಿ, ಸಾಧ್ಯವಾದರೆ ನಗದಿನಲ್ಲೇ. ‘ಅಣ್ಣಾ, ಒಳಗಿನವರಿಗೂ ಸೇರಿಸಿ ಇದು’ ಅಂತ ಒಂದು ಮಾತು ಹೇಳಿ. ತೆರಿಗೆ ಸರ್ಕಾರಕ್ಕೆ, ಊಟದ ದುಡ್ಡು ಮಾಲೀಕರಿಗೆ, ಇನಾಮು ದುಡಿದವರಿಗೆ.