ಕೋಸ್ಟಾರಿಕಾ ತೇಗದ ತೋಟಕ್ಕೆ ದುಡ್ಡು ಹಾಕಿದ್ರೆ ಮರ ಯಾರದ್ದು, ಜಾಗ ಯಾರದ್ದು?

ಮಧ್ಯ ಅಮೆರಿಕದ ಕೋಸ್ಟಾರಿಕಾ, ಪನಾಮಾ ದೇಶಗಳಲ್ಲಿ ತೇಗ ಬೆಳೆಸಿ, ಅದಕ್ಕೆ ಹೊರದೇಶದವರಿಂದ ದುಡ್ಡು ಹಾಕಿಸೋ ವ್ಯವಹಾರ 1990ರ ದಶಕದಿಂದಲೂ ಇದೆ. ಮರ ಕಡಿಯೋಕೆ 20 ವರ್ಷದ ಆಸುಪಾಸು ಕಾಯಬೇಕು. ಅಷ್ಟು ವರ್ಷ ಕಾಯೋರ ಕೈಯಲ್ಲಿರೋ ಕಾಗದ ಯಾವುದು ಅನ್ನೋದೇ ಮುಖ್ಯ. ಲಾಭದ ಲೆಕ್ಕ ಆಮೇಲಿನ ಮಾತು.

ಕೋಸ್ಟಾರಿಕಾದಲ್ಲಿ ವಿದೇಶಿಯರು ತಮ್ಮ ಹೆಸರಲ್ಲೇ ಜಮೀನು ಕೊಳ್ಳಬಹುದು. ಸಮುದ್ರ ತೀರದ 200 ಮೀಟರ್ ಮಾತ್ರ ಬೇರೆ ಲೆಕ್ಕ. ಅಲ್ಲಿ ಮೊದಲ 50 ಮೀಟರ್ ಸಾರ್ವಜನಿಕ ಜಾಗ, ಉಳಿದ 150 ಮೀಟರ್ ಗುತ್ತಿಗೆ ರೀತಿಯಲ್ಲಿ ಸಿಗುತ್ತೆ, ವಿದೇಶಿಯರಿಗೆ ಅದಕ್ಕೂ ಷರತ್ತಿದೆ. ನೋಂದಣಿಯಾದ ಪ್ರತಿ ಜಮೀನಿಗೂ ಅಲ್ಲಿನ ರಾಷ್ಟ್ರೀಯ ನೋಂದಣಿ ಕಚೇರಿ ಒಂದು ನಂಬರ್ ಕೊಟ್ಟಿರುತ್ತೆ. ಇದಕ್ಕೆ 'ಫೋಲಿಯೊ ರಿಯಲ್' ಅಂತಾರೆ. ನಮ್ಮಲ್ಲಿ ಪಹಣಿ ನೋಡೋ ಹಾಗೆ, ಆ ನಂಬರ್ ಇದ್ರೆ ಮಾಲೀಕರು ಯಾರು, ಸಾಲ ಇದೆಯಾ ಅಂತ ಆನ್‌ಲೈನಲ್ಲೇ ನೋಡಬಹುದು.

ಆದ್ರೆ ಎಷ್ಟೋ ಯೋಜನೆಗಳಲ್ಲಿ ಮಾರೋದು ಜಮೀನಲ್ಲ, 'ಇಷ್ಟು ಮರ ನಿಮ್ಮದು' ಅನ್ನೋ ಒಪ್ಪಂದ. ಎಡವಟ್ಟಾಗೋದು ಇಲ್ಲೇ. ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ನಾಟಾಕ್ಕಾಗಿ ಕಡಿಯೋ ಮರ ಸ್ಥಿರಾಸ್ತಿ ಅಲ್ಲ. ಕೋಸ್ಟಾರಿಕಾದ ಸಿವಿಲ್ ಸಂಹಿತೆ ಉಲ್ಟಾ: ಬೇರು ನೆಲದಲ್ಲಿ ಇರೋವರೆಗೂ ಗಿಡಮರ ಸ್ಥಿರಾಸ್ತಿಯೇ. ಅಂದ್ರೆ ಕಂಪನಿ ಜಾಗ ಮಾರಿದ್ರೆ, ಅಥವಾ ಸಾಲಕ್ಕೆ ಜಾಗ ಹರಾಜಾದ್ರೆ, ನೆಲದ ಜೊತೆ ಮರವೂ ಹೋಗೋ ಅಪಾಯ ಇದೆ. ಎಲ್ಲೂ ನೋಂದಣಿಯಾಗದ ಒಪ್ಪಂದ ಹಿಡಿದವರು ಕಂಪನಿ ಮೇಲೆ ಕೇಸ್ ಹಾಕಬಹುದು ಅಷ್ಟೇ, ಹೊಸ ಮಾಲೀಕನ ಹತ್ರ ಮರ ಕೇಳೋದು ಕಷ್ಟ. ಷೇರು ಕೊಟ್ಟಿದ್ರೂ ಅದು ಕಂಪನಿಯಲ್ಲಿನ ಪಾಲು, ಮರದಲ್ಲಿ ಅಲ್ಲ. ಕಂಪನಿ ಮುಳುಗಿದ್ರೆ ಸಾಲ ಕೊಟ್ಟೋರಿಗೆ ಮೊದಲು, ಷೇರುದಾರರಿಗೆ ಕೊನೆಗೆ.

ಬ್ರಿಟನ್‌ನ ಗ್ಲೋಬಲ್ ಫಾರೆಸ್ಟ್ರಿ ಇನ್ವೆಸ್ಟ್‌ಮೆಂಟ್ಸ್ ಪ್ರಕರಣ ನೋಡಿ. ಬ್ರೆಜಿಲ್‌ನ ತೇಗದ ತೋಟ ಅಂತ ಹೇಳಿ ಸುಮಾರು 2,000 ಜನರಿಂದ 3.7 ಕೋಟಿ ಪೌಂಡ್ ಎತ್ತಿದ್ರು. ಅದರಲ್ಲಿ ಎಷ್ಟೋ ಜನ ಹಾಕಿದ್ದು ಪಿಂಚಣಿ ದುಡ್ಡು. 2022ರಲ್ಲಿ ಇಬ್ಬರಿಗೆ ತಲಾ 11 ವರ್ಷ ಜೈಲಾಯ್ತು.

ಇಲ್ಲಿಂದ ದುಡ್ಡು ಕಳಿಸೋರಿಗೆ ರಿಸರ್ವ್ ಬ್ಯಾಂಕಿನ ಮಿತಿ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್. ಕೊಂಡ ಆಸ್ತಿಯನ್ನ ಆದಾಯ ತೆರಿಗೆ ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಲೇಬೇಕು. 90ರ ದಶಕದಲ್ಲಿ ನಮ್ಮಲ್ಲೂ ತೇಗದ ಸ್ಕೀಮ್‌ಗಳು ಮುಳುಗಿದ ಮೇಲೆ ಸೆಬಿ 1999ರಲ್ಲಿ ನಿಯಮ ತಂತು. ಆದ್ರೆ ಕೋಸ್ಟಾರಿಕಾದ ನೆಲದ ತಕರಾರು ತೀರ್ಮಾನ ಆಗೋದು ಅಲ್ಲಿನ ಕೋರ್ಟಲ್ಲಿ, ಸ್ಪ್ಯಾನಿಷ್ ಕಾಗದಪತ್ರದ ಮೇಲೆ.

ಊರಲ್ಲಿ ಅರ್ಧ ಎಕರೆ ತಗೊಳ್ಳೋಕೂ ಇಸಿ ತೆಗೆಸೋರು ನಾವು. ಅಡ್ವಾನ್ಸ್ ಕಳಿಸೋ ಮೊದಲು ಫೋಲಿಯೊ ನಂಬರ್, ಸರ್ವೆ ನಕ್ಷೆ ಕೇಳಿ, ಕಂಪನಿಗೆ ಸಂಬಂಧ ಇಲ್ಲದ ಅಲ್ಲಿನ ವಕೀಲರಿಂದ ನೋಡಿಸಿ. ದುಡ್ಡು ಬಂದ ಮೇಲೆ ನಂಬರ್ ಕೊಡ್ತೀವಿ ಅಂದ್ರೆ ಮಾತು ಅಲ್ಲಿಗೇ ನಿಲ್ಲಿಸಬಹುದು.