ಹೊಸ ಪ್ಲಗ್ ಹಾಕಿದರೂ ಎಂಜಿನ್ ಯಾಕೆ ನಿಲ್ಲುತ್ತದೆ?

ನನ್ನ ಮಾಮು ಕಾಪುವಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಾರೆ. ವರ್ಕ್‌ಶಾಪ್ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡು, ಎರಡು ಮರದ ಸ್ಟ್ಯಾಂಡು, ನೀರು ತುಂಬಿದ ಒಂದು ಡ್ರಮ್ಮು. ಎಂಜಿನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅದರ ಕಾಲನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಓಡಿಸಿ ನೋಡುತ್ತಾರೆ. ಕಳೆದ ಮಳೆಗಾಲದಲ್ಲಿ ಜಿಲ್ಲಾಧಿಕಾರಿಯವರು ಶಾಲಾ ಕಾಲೇಜಿಗೆ ರಜೆ ಕೊಟ್ಟ ದಿನಗಳಲ್ಲೆಲ್ಲ ನಾನು ಅಲ್ಲಿ ಪಾನಾ ಎತ್ತಿ ಕೊಡುವ ಕೆಲಸದಲ್ಲಿದ್ದೆ. ನಮಗೆ ರಜೆ ಸಿಗುವಂಥ ಮಳೆಗೆ ದೋಣಿಯವರೂ ಕಡಲಿಗೆ ಇಳಿಯುವುದಿಲ್ಲ. ಆದ್ದರಿಂದ ಹಾಳಾದ ಎಂಜಿನುಗಳೆಲ್ಲ ಅದೇ ದಿನ ಬರುತ್ತವೆ.

ಕಾರ್ಕಳ ಕಡೆಯಿಂದ ಬರುವ ಗೆಳೆಯರಿಗೆ ಇದು ದೂರದ ವಿಷಯ ಅನ್ನಿಸಬಹುದು. ಆದರೆ ನಿಮ್ಮ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಇದ್ದರೆ, ಮನೆಯಲ್ಲಿ ಅಜ್ಜನ ಕಾಲದ ಚೇತಕ್ ಸ್ಕೂಟರ್ ಇದ್ದರೆ, ಕಥೆ ಹೆಚ್ಚುಕಡಿಮೆ ಒಂದೇ. ಎಲ್ಲದರಲ್ಲೂ ಪ್ಲಗ್ ಇದೆ, ಪ್ಲಗ್ಗಿನ ತುದಿಯಲ್ಲಿ ಒಂದು ಕಿಡಿ ಹಾರಬೇಕು. ಹಾರದಿದ್ದರೆ ಎಷ್ಟು ಎಳೆದರೂ, ಎಷ್ಟು ಒದ್ದರೂ ವ್ಯರ್ಥ.

ನಮ್ಮ ನಾಡದೋಣಿಗಳ ಹಿಂಬದಿಗೆ ಸಿಕ್ಕಿಸುವ ಎಂಜಿನಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯವರೆಗಿನ ಮೋಟಾರು ಇರುವ ಸಾಂಪ್ರದಾಯಿಕ ದೋಣಿಗಳಿಗೆ ಮಾತ್ರ ಅವಕಾಶ. ಮಲ್ಪೆಯ ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಹಾಕಿರುವಾಗ ಈ ಸಣ್ಣ ದೋಣಿಯವರಿಗೆ ಸಂಪಾದನೆಯ ಕಾಲ. ಆ ಎರಡು ತಿಂಗಳಲ್ಲಿ ಕಡಲು ಶಾಂತವಾಗುವ ದಿನಗಳು ಕಡಿಮೆ. ಅಂಥ ಒಂದು ದಿನ ಎಂಜಿನ್ ಕೈಕೊಟ್ಟರೆ ಆ ದಿನದ ಮೀನು ಹೋಯಿತು. ಅಲೆಯ ನಡುವೆ ಕೈಕೊಟ್ಟರೆ ಏನಾಗುತ್ತದೆ ಎಂದು ಕಾಪು ದೀಪಸ್ತಂಭದ ಬಂಡೆಗಳನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಜುಲೈಯ ಒಂದು ದಿನ ಬಂದ ಎಂಜಿನು ಎಂಟು ಅಶ್ವಶಕ್ತಿಯದು, ಎರಡು ಸಿಲಿಂಡರಿನದು, ನನಗಿಂತ ವಯಸ್ಸಿನಲ್ಲಿ ದೊಡ್ಡದು. ದೋಣಿಯವರು ಹೇಳಿದ್ದು ಇಷ್ಟು: "ಭಾಯಿ, ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗುತ್ತದೆ. ಸೀಮೆಎಣ್ಣೆಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ ಮುಕ್ಕರಿಸುತ್ತದೆ, ಆಮೇಲೆ ನಿಲ್ಲುತ್ತದೆ. ಪ್ಲಗ್ ಬದಲಾಯಿಸಿದರೆ ಎರಡು ದಿನ ಸರಿ, ಮೂರನೇ ದಿನ ಮತ್ತೆ ಅದೇ." ಅವರು ಅಷ್ಟರಲ್ಲೇ ಮೂರು ಜೊತೆ ಪ್ಲಗ್ ಮುಗಿಸಿದ್ದರು. ಯಾರೋ ಹೇಳಿದರೆಂದು ಸಿಡಿಐ ಎಂಬ ಡಬ್ಬಿಯನ್ನೂ ಸಾವಿರಾರು ರೂಪಾಯಿ ಕೊಟ್ಟು ತಂದು ಹಾಕಿಸಿದ್ದರು.

ಮಾಮು ಪಾನಾ ಮುಟ್ಟಲೇ ಇಲ್ಲ. "ಪೆಹಲೇ ದೇಖ್, ಫಿರ್ ಖೋಲ್" ಎಂದು ನನಗೆ ಹೇಳಿದರು. ಮೊದಲು ನೋಡು, ಆಮೇಲೆ ಬಿಚ್ಚು ಎಂದು.

ಎರಡು ದಿನ ಸರಿಯಾಗಿ ಮೂರನೇ ದಿನ ಕೆಡುವುದು ಯಾಕೆ? ಪೆಟ್ರೋಲು ತಣ್ಣಗಿನ ಗಾಳಿಯಲ್ಲೂ ಬೇಗ ಆವಿಯಾಗುತ್ತದೆ, ಸೀಮೆಎಣ್ಣೆ ಆಗುವುದಿಲ್ಲ. ಅದಕ್ಕೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ಬಿಸಿಯಾದರೂ ಸೀಮೆಎಣ್ಣೆ ಪೂರ್ತಿ ಉರಿಯದೆ ಮಸಿ ಬಿಡುತ್ತದೆ, ಜೊತೆಗೆ ಎರಡು ಸ್ಟ್ರೋಕಿನ ಎಂಜಿನಾದ್ದರಿಂದ ಆಯಿಲೂ ಸೇರಿ ಉರಿಯುತ್ತದೆ. ಈ ಮಸಿ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕೂರುತ್ತದೆ. ಮಸಿ ಎಂದರೆ ಇಂಗಾಲ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಆಗ ತುದಿಯ ಸಂದಿಯನ್ನು ಹಾರಬೇಕಾದ ಕರೆಂಟು ಸುಲಭದ ದಾರಿ ಹಿಡಿದು ಮಸಿಯ ಮೇಲೆಯೇ ಜಾರಿಹೋಗುತ್ತದೆ.

ಕಿಡಿ ಬಲವಾಗಿದ್ದರೆ ಸ್ವಲ್ಪ ಮಸಿ ಇದ್ದರೂ ಹಾರುತ್ತದೆ, ಆ ಶಾಖಕ್ಕೆ ಮಸಿಯೂ ಸುಡುತ್ತದೆ. ದುರ್ಬಲವಾಗಿದ್ದರೆ ಹಾರುವುದಿಲ್ಲ, ಮಸಿ ಇನ್ನೂ ಹೆಚ್ಚುತ್ತದೆ, ಕಿಡಿ ಇನ್ನೂ ಸೋಲುತ್ತದೆ. ಹೊಸ ಪ್ಲಗ್ಗಿನಲ್ಲಿ ಮಸಿ ಇಲ್ಲದ ಕಾರಣ ದುರ್ಬಲ ಕಿಡಿಯೂ ಎರಡು ದಿನ ನಡೆಸಿಕೊಡುತ್ತದೆ. ದೋಷ ಪ್ಲಗ್ಗಿನದೇ ಎಂದು ನಾವು ನಂಬುತ್ತೇವೆ. ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವಲ್ಲ, ಇದೂ ಹಾಗೆಯೇ. ಮೊತ್ತ ತಾಳೆಯಾದಂತೆ ಕಾಣುತ್ತದೆ, ತಪ್ಪು ಒಳಗೇ ಇರುತ್ತದೆ. ಇದನ್ನು ಹೇಳಿದಾಗ ಮಾಮುವಿಗೆ ಅರ್ಥವಾಗಲಿಲ್ಲ, ಬೇಕಾಗಿಯೂ ಇರಲಿಲ್ಲ.

ಈಗ ಕಿಡಿ ನೋಡುವ ವಿಧಾನ. ಸಾಮಾನ್ಯವಾಗಿ ಎಲ್ಲರೂ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೆಯುತ್ತಾರೆ. ಕಿಡಿ ಕಂಡಿತು, ಕರೆಂಟು ಸರಿ ಇದೆ ಎಂದು ತೀರ್ಮಾನ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಣ್ಣನನ್ನು ಕೇಳಿದಾಗ ಇದರಲ್ಲಿರುವ ಮೋಸ ತಿಳಿಯಿತು. ಹೊರಗಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ದೂರ ಹಾರಲು ಸುಮಾರು 3,000 ವೋಲ್ಟ್ ಬೇಕು. ಸಿಲಿಂಡರಿನ ಒಳಗೆ ಗಾಳಿ ಒತ್ತಡದಲ್ಲಿ ಇರುತ್ತದೆ, ಒತ್ತಡ ಹೆಚ್ಚಿದಷ್ಟೂ ಅದೇ ಸಂದಿಯನ್ನು ಹಾರಲು ಹೆಚ್ಚು ವೋಲ್ಟ್ ಬೇಕು. ಹೊರಗೆ ಹಾರಿದ ಕಿಡಿ ಒಳಗೆ ಹಾರುತ್ತದೆಂಬ ಗ್ಯಾರಂಟಿ ಇಲ್ಲ. ಅದಕ್ಕೇ ಮಾಮು ಪ್ಲಗ್ಗಿನ ಬದಲು ಸ್ಪಾರ್ಕ್ ಟೆಸ್ಟರ್ ಹಾಕುತ್ತಾರೆ. ಅದರ ಸಂದಿಯನ್ನು ಆರು ಮಿಲಿಮೀಟರ್‌ವರೆಗೆ ಅಗಲಿಸಿ ಹಗ್ಗ ಎಳೆಯುತ್ತಾರೆ. ನೀಲಿ ಬಿಳುಪಿನ ದಪ್ಪ ಕಿಡಿ, ಚಟ್ ಎಂಬ ಸದ್ದು ಬಂದರೆ ಸರಿ. ನಮ್ಮ ಎಂಜಿನಿನಲ್ಲಿ ಕಂಡದ್ದು ಕೂದಲಿನಷ್ಟು ಸಪೂರದ ಕಿತ್ತಳೆ ಬಣ್ಣದ ಗೆರೆ, ಅದೂ ಮೂರು ಸಲ ಎಳೆದರೆ ಒಂದು ಸಲ.

ಮನೆಯಲ್ಲಿ ಯಾರಾದರೂ ಮಾಡಿ ನೋಡುವುದಾದರೆ ಒಂದು ಎಚ್ಚರಿಕೆ. ಎಣ್ಣೆಯ ಪೈಪ್ ತೆಗೆದಿಡಿ, ಪ್ಲಗ್ಗಿನ ತೂತಿಗೆ ಬಟ್ಟೆ ಒತ್ತಿ. ಅಲ್ಲಿಂದ ಬರುವ ಪೆಟ್ರೋಲ್ ಆವಿಗೆ ಅದೇ ಕಿಡಿ ತಾಗಿದರೆ ಮುಖ ಸುಡುತ್ತದೆ. ವಯರನ್ನು ಬರಿಗೈಯಲ್ಲಿ ಹಿಡಿಯಬೇಡಿ. ಟೆಸ್ಟರನ್ನು ಎಂಜಿನಿಗೆ ಗಟ್ಟಿಯಾಗಿ ಅರ್ತ್ ಮಾಡದೆ ಹಗ್ಗ ಎಳೆದರೆ ಸಿಡಿಐ ಡಬ್ಬಿಯೇ ಹಾಳಾಗಬಹುದು.

ಎರಡೂ ಸಿಲಿಂಡರಿನ ಕಿಡಿ ಒಂದೇ ರೀತಿ ದುರ್ಬಲವಾಗಿತ್ತು. ಇದು ದೊಡ್ಡ ಸುಳಿವು. ಒಂದರಲ್ಲಿ ಮಾತ್ರ ಇದ್ದರೆ ಆ ಪ್ಲಗ್, ಆ ಕ್ಯಾಪ್, ಆ ವಯರನ್ನು ಸಂಶಯಪಡಬೇಕು. ಎರಡರಲ್ಲೂ ಇದ್ದರೆ ಎರಡಕ್ಕೂ ಸಾಮಾನ್ಯವಾದ ಜಾಗದಲ್ಲಿ ಹುಡುಕಬೇಕು. ಮಾಮು ಮೊದಲು ಸ್ಟಾಪ್ ಬಟನ್ನಿನ ವಯರನ್ನು ಕಳಚಿದರು. ಆ ವಯರಿನ ಕೆಲಸವೇ ಕರೆಂಟನ್ನು ಅರ್ತ್ ಮಾಡಿ ಎಂಜಿನ್ ನಿಲ್ಲಿಸುವುದು. ಅದರ ರಬ್ಬರು ಸವೆದು ಉಪ್ಪುನೀರು ಹೊಕ್ಕಿದ್ದರೆ, ಯಾರೂ ಬಟನ್ ಒತ್ತದೆಯೇ ಅರ್ಧ ಕರೆಂಟು ಸೋರಿಹೋಗುತ್ತದೆ. ಕಳಚಿದರೂ ಕಿಡಿ ಬದಲಾಗಲಿಲ್ಲ. ಹಾಗಾದರೆ ಅದು ನಿರಪರಾಧಿ.

ಮುಂದೆ ಇಗ್ನಿಷನ್ ಕಾಯಿಲ್. ಫ್ಲೈವೀಲಿನ ಅಯಸ್ಕಾಂತ ತಿರುಗಿದಾಗ ಹುಟ್ಟುವ ಕರೆಂಟನ್ನು ಸಿಡಿಐ ಡಬ್ಬಿ ಕೂಡಿಟ್ಟು ಒಮ್ಮೆಲೇ ಈ ಕಾಯಿಲಿಗೆ ಕೊಡುತ್ತದೆ, ಕಾಯಿಲ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಈ ಸುತ್ತು ಮುಗಿಯಬೇಕಾದರೆ ಕಾಯಿಲಿನ ಅರ್ತ್ ವಯರು ಎಂಜಿನ್ ಮೈಗೆ ಚೆನ್ನಾಗಿ ತಾಗಿರಬೇಕು. ಮಾಮು ಒಂದು ತುಂಡು ವಯರು ತೆಗೆದುಕೊಂಡು, ಒಂದು ತುದಿಯನ್ನು ಕಾಯಿಲಿನ ಅರ್ತಿಗೆ, ಇನ್ನೊಂದನ್ನು ಕೆರೆದು ಹೊಳೆಯುವಂತೆ ಮಾಡಿದ ಬೋಲ್ಟಿಗೆ ಕಟ್ಟಿದರು. "ಈಗ ಎಳೆ" ಎಂದರು. ಎಳೆದೆ. ಚಟ್! ನೀಲಿ ಕಿಡಿ. ಎರಡು ಸಿಲಿಂಡರಿನಲ್ಲೂ.

ಕಾಯಿಲಿನ ಅರ್ತ್ ಸ್ಕ್ರೂ ಬಿಚ್ಚಿದಾಗ ಕೆಳಗೆ ಬಿಳಿ ಹಸಿರು ಹುಡಿ ಕಂಡಿತು. ಉಪ್ಪುಗಾಳಿಗೆ ಅಲ್ಯೂಮಿನಿಯಂ ಮತ್ತು ತಾಮ್ರ ತಿಂದುಹೋಗಿ ಆದದ್ದು. ಹೊರಗಿನಿಂದ ಸ್ಕ್ರೂ ಬಿಗಿಯಾಗಿಯೇ ಇತ್ತು, ಆದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ಮರಳು ಕಾಗದದಿಂದ ಉಜ್ಜಿ, ವಯರಿನ ತುದಿಗೆ ಹೊಸ ಲಗ್ ಹಾಕಿ, ಬಿಗಿದು ಮೇಲೆ ಗ್ರೀಸ್ ಸವರಿದರು. ಸಾಮಾನಿನ ಖರ್ಚು ಒಂದು ಪ್ಲಗ್ಗಿನ ಬೆಲೆಗಿಂತ ಕಡಿಮೆ.

ಅರ್ತ್‌ನಲ್ಲಿ ದೋಷ ಸಿಗದಿದ್ದರೆ ಮುಂದೆ ಮಲ್ಟಿಮೀಟರಿನಲ್ಲಿ ಕಾಯಿಲಿನ ಓಮ್ ಅಳೆದು ಎಂಜಿನ್ ಪುಸ್ತಕದ ಲೆಕ್ಕದೊಂದಿಗೆ ಹೋಲಿಸಬೇಕಿತ್ತು. ಫ್ಲೈವೀಲ್ ತೆಗೆಯುವುದು ಕೊನೆಗೆ, ಅದೂ ಪುಲ್ಲರ್ ಹಾಕಿ. ಸುತ್ತಿಗೆಯಿಂದ ಬಡಿದರೆ ಒಳಗಿನ ಅಯಸ್ಕಾಂತ ಒಡೆಯಬಹುದು. ಸಿಡಿಐ ಬರುವ ಮೊದಲಿನ ಇನ್ನೂ ಹಳೆಯ ಎಂಜಿನುಗಳಲ್ಲಿ ಫ್ಲೈವೀಲಿನ ಕೆಳಗೆ ಪಾಯಿಂಟ್ ಮತ್ತು ಕಂಡೆನ್ಸರ್ ಇರುತ್ತವೆ. ಅಲ್ಲಿ ಪಾಯಿಂಟ್ ಕರಿದಾಗಿದ್ದರೆ ಅಥವಾ ಅದರ ಸಂದಿ ತಪ್ಪಿದ್ದರೆ ಇದೇ ಲಕ್ಷಣ ಕಾಣಿಸುತ್ತದೆ.

ಮಾಮು ಇನ್ನೊಂದು ಪ್ರಶ್ನೆ ಕೇಳಿದರು. "ದಡಕ್ಕೆ ಬರುವಾಗ ಪೆಟ್ರೋಲಿಗೆ ತಿರುಗಿಸುತ್ತೀರಾ?" ದೋಣಿಯವರು ನಕ್ಕರು, ಉತ್ತರ ಕೊಡಲಿಲ್ಲ. ನಿಲ್ಲಿಸುವ ಕೆಲವು ನಿಮಿಷ ಮೊದಲು ಪೆಟ್ರೋಲಿನಲ್ಲಿ ಓಡಿಸಿದರೆ ಕಾರ್ಬ್ಯುರೇಟರಿನಲ್ಲಿ ಉಳಿದ ಸೀಮೆಎಣ್ಣೆ ಮುಗಿಯುತ್ತದೆ, ಮರುದಿನ ತಣ್ಣಗಿನ ಎಂಜಿನಿನಲ್ಲಿ ಪ್ಲಗ್ ಒದ್ದೆಯಾಗುವುದಿಲ್ಲ. ಪೆಟ್ರೋಲ್ ಉಳಿಸಲೆಂದು ಹೆಚ್ಚಿನವರು ಇದನ್ನು ಬಿಡುತ್ತಾರೆ. ದಿನಕ್ಕೆ ಉಳಿಯುವುದು ಒಂದಿಷ್ಟು ಪೆಟ್ರೋಲು. ಮೂರು ಜೊತೆ ಪ್ಲಗ್ಗಿನ ಬಿಲ್ಲನ್ನು ಪಕ್ಕದಲ್ಲಿಟ್ಟು ನಾನು ಲೆಕ್ಕ ಹಾಕಿ ತೋರಿಸಿದೆ. "ಹುಡುಗ ಬ್ಯಾಂಕಿಗೆ ಸೇರಲಿ" ಎಂದರು ದೋಣಿಯವರು.

ಹೊಸ ಸಿಡಿಐ ಡಬ್ಬಿಯನ್ನು ವಾಪಸು ಕೊಡಲು ಹೋದಾಗ ಬಳಸಿದ ಕರೆಂಟಿನ ಸಾಮಾನು ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದರಂತೆ. ಹಳೆಯದು ಚೆನ್ನಾಗಿಯೇ ಇದ್ದುದರಿಂದ ಅದನ್ನೇ ಮತ್ತೆ ಹಾಕಿ, ಹೊಸದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮನೆಯಲ್ಲಿಟ್ಟಿದ್ದಾರೆ. ಹದಿನೈದು ದಿನದ ನಂತರ ಅವರು ಮತ್ತೆ ಬಂದರು, ಈ ಸಲ ಎಂಜಿನ್ ಇಲ್ಲದೆ. ಅಂಗಿ ಜೇಬಿನಿಂದ ಅದೇ ಹಳೆಯ ಪ್ಲಗ್ ತೆಗೆದು ಮಾಮುವಿನ ಅಂಗೈಯಲ್ಲಿಟ್ಟರು. ಪಿಂಗಾಣಿಯ ತುದಿ ಕಾಫಿಹುಡಿಯ ಬಣ್ಣಕ್ಕೆ ಬಂದಿತ್ತು. ಮಸಿ ಇರಲಿಲ್ಲ.